ಶಾಲೆಗೊಂದು ಕಂಪ್ಯೂಟರ್ ಜಾಲ: ಇಂದಿಗೆ ಹತ್ತು, ನಾಳೆಗೆ ನೂರು

ನಾನು ಹೋಗಿ ಬರುತ್ತಿದ್ದ ಒಂದು ಹಳ್ಳಿ ಶಾಲೆ. ಪೋಷಕರು ಕೂಲಿಯ ಹಣದಲ್ಲಿ ಉಳಿಸಿ ಕೊಟ್ಟು ಹತ್ತು ಕಂಪ್ಯೂಟರ್ ಬಂದವು. ಕಿಟಕಿಯಿಂದ ಕಿಟಕಿಗೆ ಕೇಬಲ್ ಎಳೆದು, ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಜೋಡಿಸಿದರು. ಮುಂದೆ ಇನ್ನಷ್ಟು ಕಂಪ್ಯೂಟರ್ ಬಂದಾಗ ಜೋಡಿಸಲು ಜಾಗವೇ ಇಲ್ಲ. ಒಂದು ಸ್ವಿಚ್ ಕೆಟ್ಟರೆ ಮುಂದಿನ ಕೋಣೆಗಳೆಲ್ಲ ಬಂದ್. ಕೊನೆಗೆ ಒಂದು ಮಳೆಗಾಲದ ಸಿಡಿಲು ಹೊರಗಿನ ಕೇಬಲ್ ಹಿಡಿದು ಒಳಗೆ ಬಂದು ಸಾಮಾನು ಸುಟ್ಟುಹಾಕಿತು. "ಸಿಸ್ಟರ್, ಮತ್ತೆ ದುಡ್ಡು ಕೇಳೋದು ಹೇಗೆ?" ಅಂದರು ಮುಖ್ಯೋಪಾಧ್ಯಾಯಿನಿ. ಮೊದಲೇ ಯೋಜನೆ ಮಾಡಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

1. ಮೊದಲು ಎಣಿಸಿ: ಕಟ್ಟಡದ ನಕ್ಷೆ ಇಟ್ಟುಕೊಂಡು ಇಂದು ಎಲ್ಲಿ ಎಷ್ಟು ಬೇಕು, ಐದು ವರ್ಷಕ್ಕೆ ಎಷ್ಟು ಬೇಕಾದೀತು ಎಂದು ಬರೆಯಿರಿ. ಪ್ರತಿ ತರಗತಿಗೆ ಕನಿಷ್ಠ ಎರಡು ಕೇಬಲ್ ಇರಲಿ. ಒಂದು ಮೇಜಿಗೆ, ಒಂದು ಮೇಲೆ ವೈಫೈ ಪೆಟ್ಟಿಗೆಗೆ.

2. ಕೇಂದ್ರ ಒಂದಿರಲಿ: ಬೀಗ ಹಾಕುವ, ಗಾಳಿಯಾಡುವ ಜಾಗದಲ್ಲಿ ಮುಖ್ಯ ಸ್ವಿಚ್ ಇಡಿ. ಮಹಡಿಗೊಂದು ಸ್ವಿಚ್ ಇಟ್ಟು, ಅದನ್ನು ನೇರವಾಗಿ ಮುಖ್ಯ ಸ್ವಿಚ್ಚಿಗೇ ಜೋಡಿಸಿ. ಆಗ ಒಂದು ಮಹಡಿಯದು ಕೆಟ್ಟರೂ ಉಳಿದವು ನಡೆಯುತ್ತವೆ. ತಾಮ್ರದ ಕೇಬಲ್ 100 ಮೀಟರ್ ದಾಟಬಾರದು.

3. ಜಾಗ ಬಿಡಿ: 16 ಬೇಕಿದ್ದರೆ 24 ಪೋರ್ಟಿನ ಸ್ವಿಚ್ ಕೊಳ್ಳಿ. ಗಾರೆ ಕೆಲಸ ನಡೆಯುವಾಗಲೇ ದೊಡ್ಡ ಪೈಪ್ ಹಾಕಿಸಿ, ಒಳಗೊಂದು ದಾರ ಬಿಡಿಸಿ. ನಾಳೆ ಗೋಡೆ ಒಡೆಯದೇ ಕೇಬಲ್ ಎಳೆಯಬಹುದು. ಕರೆಂಟಿನ ಪೈಪಿನಲ್ಲಿ ಇದನ್ನು ಸೇರಿಸಬೇಡಿ.

4. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್: ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ. ಲೋಹದ ತಂತಿ ಸೇರದ ಫೈಬರ್ ಕೇಬಲನ್ನೇ ಕೇಳಿ ಪಡೆಯಿರಿ. ಜೊತೆಗೆ ಸರಿಯಾದ ಅರ್ಥಿಂಗ್, ಯುಪಿಎಸ್ ಇರಲಿ.

5. ಕಚೇರಿ ಬೇರೆ, ಮಕ್ಕಳು ಬೇರೆ: ಅಂಕಪಟ್ಟಿ, ಶುಲ್ಕದ ಲೆಕ್ಕ, ಮಕ್ಕಳ ಮನೆಯ ವಿವರ ಎಲ್ಲರ ಕೈಗೆ ಸಿಗಬಾರದು. ವಿಎಲ್ಎಎನ್ ಸೌಲಭ್ಯವಿರುವ ಸ್ವಿಚ್ಚಿನಲ್ಲಿ ಒಂದೇ ಕೇಬಲ್ ವ್ಯವಸ್ಥೆಯನ್ನು ಎರಡು ಜಾಲವಾಗಿ ವಿಂಗಡಿಸಬಹುದು. ಲ್ಯಾಬಿಗೆ 192.168.10, ಕಚೇರಿಗೆ 192.168.20 ಎಂದು ವಿಳಾಸ ಕೊಟ್ಟರೆ ಒಂದೊಂದರಲ್ಲೂ 254 ವಿಳಾಸಗಳು ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ದಾರಿಯನ್ನು ರೂಟರಿನಲ್ಲಿ ಮುಚ್ಚಿಸಲು ಮರೆಯಬೇಡಿ.

6. ಹೆಸರು ಬರೆಯಿರಿ: ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಗುರುತು ಅಂಟಿಸಿ. ನಕ್ಷೆ ಮತ್ತು ಪಾಸ್‌ವರ್ಡ್ ಶಾಲೆಯ ಬೀರುವಿನಲ್ಲಿರಲಿ. ಕೆಲಸ ಮಾಡಿದವರು ಊರು ಬಿಟ್ಟರೂ ಶಾಲೆ ನಡೆಯಬೇಕಲ್ಲ!

ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಕಿಲ್ಲ. ಪೈಪು ಮತ್ತು ಕೇಬಲ್ ಮೊದಲು, ಕಂಪ್ಯೂಟರ್ ನಿಧಾನವಾಗಿ ಬರಲಿ.

ಸಭೆಯಲ್ಲಿ ಚರ್ಚಿಸಿ:
ಅ) ನಮ್ಮ ಶಾಲೆಯ ಜಾಲದ ನಕ್ಷೆ ಯಾರ ಬಳಿ ಇದೆ?
ಆ) ಇನ್ನೂ ಹತ್ತು ಕಂಪ್ಯೂಟರ್ ಬಂದರೆ ಎಲ್ಲಿ ಜೋಡಿಸುತ್ತೇವೆ?
ಇ) ಮಕ್ಕಳ ವಿವರಗಳು ಯಾರ್ಯಾರಿಗೆ ಕಾಣುತ್ತವೆ?