ಕ್ರೀಡಾಪಟುವಿನ ಹೃದಯ: ಎಕೋ, ಎಂಆರ್‌ಐ ತೋರಿಸುವುದೇನು?

1899ರಲ್ಲಿ ಸ್ವೀಡನ್ನಿನ ವೈದ್ಯ ಹೆನ್‌ಶೆನ್ ಸ್ಕೀ ಓಟಗಾರರ ಎದೆಯನ್ನು ಬೆರಳಿನಿಂದ ತಟ್ಟಿಯೇ ಅವರ ಹೃದಯ ಹಿಗ್ಗಿರುವುದನ್ನು ಗುರುತಿಸಿದರು. ಬರೀ ಬೆರಳಿನಿಂದ ಇಷ್ಟು ತಿಳಿದದ್ದು ಇಂದಿಗೂ ಬೆರಗಿನ ಸಂಗತಿ. ಶ್ರವಣಾತೀತ ಧ್ವನಿಯಿಂದ ಹೃದಯವನ್ನು ನೋಡುವ ಎಕೋ ತಂತ್ರ ಹುಟ್ಟಿದ್ದೂ ಅದೇ ದೇಶದಲ್ಲಿ: 1953ರಲ್ಲಿ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಅದನ್ನು ರೂಪಿಸಿದರು.

1975ರಲ್ಲಿ ಅಮೆರಿಕದ ಮಾರ್ಗನ್‌ರಾತ್ ತಂಡ ಎಕೋ ಬಳಸಿ ಒಂದು ವ್ಯತ್ಯಾಸ ತೋರಿಸಿತು. ದೂರ ಓಟಗಾರರಲ್ಲಿ ಎಡ ಹೃತ್ಕುಕ್ಷಿಯ ಒಳಜಾಗ ಹಿಗ್ಗುತ್ತದೆ. ಕುಸ್ತಿಪಟುಗಳಲ್ಲಿ ಗೋಡೆ ದಪ್ಪವಾಗುತ್ತದೆ. ವಾಸ್ತವದಲ್ಲಿ ಎರಡೂ ಬೆರೆತಿರುವುದೇ ಹೆಚ್ಚು.

ಪರೀಕ್ಷೆಗೆ ಮುಖ್ಯವಾದದ್ದು ಗೋಡೆಯ ದಪ್ಪ. ಕ್ರೀಡಾಪಟುಗಳಲ್ಲಿ ಅದು 12 ಮಿ.ಮೀ. ದಾಟುವುದು ವಿರಳ. ವಯಸ್ಕರಲ್ಲಿ ಬೇರೆ ಕಾರಣವಿಲ್ಲದೆ 15 ಮಿ.ಮೀ. ಅಥವಾ ಹೆಚ್ಚಿದ್ದರೆ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂಬ ಆನುವಂಶಿಕ ಸ್ನಾಯುರೋಗದ ಶಂಕೆ ಬಲವಾಗುತ್ತದೆ. ನಡುವಿನ 13–14 ಮಿ.ಮೀ. ಅನುಮಾನದ ವಲಯ. ಇಲ್ಲಿ ತಪ್ಪಿದರೆ ಆರೋಗ್ಯವಂತನ ಆಟ ನಿಲ್ಲುತ್ತದೆ, ಇಲ್ಲವೇ ರೋಗಿಯ ಜೀವಕ್ಕೇ ಕುತ್ತು. ಒಳಜಾಗವೂ ಹಿಗ್ಗಿದ್ದರೆ, ತರಬೇತಿ ಬಿಟ್ಟ ಕೆಲವು ತಿಂಗಳಲ್ಲಿ ಗೋಡೆ ತೆಳುವಾದರೆ ಅದು ವ್ಯಾಯಾಮದ ಫಲ ಎನ್ನಬಹುದು. ಗ್ಯಾಡೊಲಿನಿಯಂ ಚುಚ್ಚಿ ತೆಗೆಯುವ ಎಂಆರ್‌ಐ ಸ್ನಾಯುವಿನಲ್ಲಿನ ಗಾಯದ ಕಲೆಯನ್ನೂ ತೋರಿಸುತ್ತದೆ. ಎಕೋ ಅದನ್ನು ಸರಿಯಾಗಿ ಕಾಣಿಸದು.

ಇಂಥ ಅಪಾಯವನ್ನು ಮೊದಲೇ ಗುರುತಿಸಲು ಇಟಲಿಯಲ್ಲಿ 1982ರಿಂದ ಸ್ಪರ್ಧಾಳುಗಳಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಹೃದಯದ ತೊಂದರೆ ಎಂದರೆ ಆಟ ಮುಗಿಯಿತೆಂದೇನಿಲ್ಲ: 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಹೃದಯ ಸ್ತಂಭನವಾಗಿ ಕುಸಿದ ಡೆನ್ಮಾರ್ಕ್ ಫುಟ್‌ಬಾಲಿಗ ಕ್ರಿಶ್ಚಿಯನ್ ಎರಿಕ್ಸನ್, ಎದೆಯಲ್ಲಿ ಐಸಿಡಿ (ಹೃದಯದ ಲಯ ತಪ್ಪಿದಾಗ ವಿದ್ಯುತ್ ಆಘಾತದಿಂದ ಸರಿಪಡಿಸುವ ಸಾಧನ) ಅಳವಡಿಸಿಕೊಂಡು 2022ರಲ್ಲಿ ಆಟಕ್ಕೆ ಮರಳಿದರು.