ಜಪಾನಿನಲ್ಲಿ ಕಲಿತ ಎರಡು ಮರದ ಪಾಠಗಳು

ಜಪಾನ್ ಅಂದ್ರೆ ನಮಗೆ ಮೊದಲು ನೆನಪಾಗೋದು ಬುಲೆಟ್ ಟ್ರೈನು, ರೋಬೋಟು, ಚೆರ್ರಿ ಹೂವು. ಆದರೆ ಅಲ್ಲಿ ಸುತ್ತಾಡುವಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡು ಮರದ ಕಟ್ಟಡಗಳು. ಎರಡೂ ಹಿನೋಕಿ ಎಂಬ ಸೂಚಿಪರ್ಣ ಮರದವು.

ಮೊದಲನೆಯದು ನಾರಾ ಪ್ರಾಂತ್ಯದ ಹೋರ್ಯೂಜಿಯ ಐದಂತಸ್ತಿನ ಬೌದ್ಧ ಗೋಪುರ. ಎತ್ತರ ಸುಮಾರು 32 ಮೀಟರ್, ವಯಸ್ಸು ಸುಮಾರು 1300 ವರ್ಷ. ಪದೇ ಪದೇ ಭೂಮಿ ನಡುಗುವ ನಾಡಲ್ಲಿ ಇದು ನಿಂತದ್ದಾದರೂ ಹೇಗೆ? ಅಂತಸ್ತುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ, ಬಿಗಿಯಾಗಿ ಬೆಸೆದಿಲ್ಲ. ನೆಲ ಅಲುಗಿದರೆ ಮರದ ಜೋಡಣೆಗಳು ತುಸು ಜರುಗಿ, ಉಜ್ಜಿಕೊಂಡು, ಕಂಪನದ ಶಕ್ತಿಯನ್ನು ನುಂಗುತ್ತವೆ. ನಡುವೆ ಬುಡದಿಂದ ತುದಿಯವರೆಗೆ 'ಶಿನ್‌ಬಾಶಿರಾ' ಎಂಬ ಕಂಬವಿದೆ. 2012ರಲ್ಲಿ ತೆರೆದ 634 ಮೀಟರ್ ಎತ್ತರದ ಟೋಕಿಯೋ ಸ್ಕೈಟ್ರೀಯ ಒಳಗೂ ಕಾಂಕ್ರೀಟಿನ ನಡುಗಂಬವಿದೆ. ಅದರ ಮೇಲ್ಭಾಗವನ್ನು ಹೊರಗಿನ ಉಕ್ಕಿನ ಚೌಕಟ್ಟಿಗೆ ಆಯಿಲ್ ಡ್ಯಾಂಪರ್‌ಗಳ ಮೂಲಕ ಜೋಡಿಸಿದ್ದಾರೆ. ಅದಕ್ಕೂ ಶಿನ್‌ಬಾಶಿರಾ ಅಂತಲೇ ಹೆಸರು!

ಎರಡನೆಯದು ಇಸೆಯ ಶಿಂಟೋ ದೇಗುಲ. ಬೇಲಿಯಾಚೆಯಿಂದ ನಮಗೆ ಕಂಡದ್ದು ಚಾವಣಿ ಅಷ್ಟೇ. ಪಕ್ಕದಲ್ಲೇ ಅಷ್ಟೇ ಅಗಲದ ಖಾಲಿ ಜಾಗ. ಪ್ರತಿ 20 ವರ್ಷಕ್ಕೊಮ್ಮೆ ಆ ಜಾಗದಲ್ಲಿ ಅದೇ ವಿನ್ಯಾಸದ ಹೊಸ ಗುಡಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಶುರುವಾದ ಈ ಪದ್ಧತಿ ಅಂತರ್ಯುದ್ಧದ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿತ್ತು. ಮತ್ತೆ ಹಿಡಿದು ನಡೆಸಿದರು. 2013ರಲ್ಲಿ ನಡೆದದ್ದು 62ನೆಯದು, ಮುಂದಿನದು 2033ಕ್ಕೆ. ಬಿಚ್ಚಿದ ಮರವೂ ವ್ಯರ್ಥವಾಗೋದಿಲ್ಲ; ಮುಖ್ಯ ಕಂಬಗಳು ಉಜಿ ಸೇತುವೆಯ ಎರಡು ತುದಿಗಳ ದ್ವಾರಗಳಾಗುತ್ತವೆ.

ಇದಕ್ಕೆ ಧಾರ್ಮಿಕ ಕಾರಣ ಇದ್ದೇ ಇದೆ. ಆದರೆ ನಾವು ಗಮನಿಸಬೇಕಾದ್ದು ಇನ್ನೊಂದು. ಇಪ್ಪತ್ತರ ವಯಸ್ಸಲ್ಲಿ ಕೈಯಾಳಾಗಿ ಬಂದ ಬಡಗಿ, ನಲವತ್ತಕ್ಕೆ ತಾನೇ ಕಟ್ಟಬಲ್ಲ, ಅರವತ್ತಕ್ಕೆ ಕಲಿಸಬಲ್ಲ. ಹೋರ್ಯೂಜಿಯಲ್ಲಿ ಉಳಿದಿರುವುದು ಕಟ್ಟಡ. ಇಸೆಯಲ್ಲಿ ಉಳಿದಿರುವುದು ಕಟ್ಟುವ ಕೈ. ನಮ್ಮ ಲ್ಯಾಬುಗಳನ್ನೇ ನೋಡಿ: ಸೀನಿಯರ್ಸ್ ಪಾಸಾಗಿ ಹೋದ್ಮೇಲೆ ಅವರ ಪ್ರಾಜೆಕ್ಟು ಮೂಲೆಯಲ್ಲಿ ಉಳಿಯುತ್ತೆ, ಅದನ್ನು ನಡೆಸೋದು ಹೇಗಂತ ಗೊತ್ತಿರೋರು ಉಳಿಯೋಲ್ಲ. ಜೂನಿಯರ್ಸ್ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಕೈ ಇದ್ದರೆ ಸಾಲದು, ಮರವೂ ಬೇಕಲ್ಲ? ಒಂದು ಸಲಕ್ಕೆ ಸುಮಾರು ಹತ್ತು ಸಾವಿರ ಹಿನೋಕಿ ಬೇಕು. ಹತ್ತಿರದ ಕಾಡು ಬರಿದಾಗಿ ಶತಮಾನಗಳ ಕಾಲ ದೂರದಿಂದ ತರಿಸಬೇಕಾಯಿತು. ಹಾಗಾಗಿ 1923ರಲ್ಲಿ 200 ವರ್ಷಗಳ ಕಾಡು ಬೆಳೆಸುವ ಯೋಜನೆ ಹಾಕಿಕೊಂಡರು. 2013ರ ಗುಡಿಗೆ ಆ ಕಾಡಿನ ಒಂದಿಷ್ಟು ಮರ ಒದಗಿತು. ದೊಡ್ಡ ಕಂಬಗಳಾಗಬೇಕಾದ ಮರಗಳು ಇನ್ನೂ ಬೆಳೆಯುತ್ತಿವೆ.