ವೋಲ್ಟ್, ಆಂಪಿಯರ್‌ನಿಂದ ರೋಧ ಮತ್ತು ಸಾಮರ್ಥ್ಯ

ಓಮ್ ನಿಯಮ: ಜರ್ಮನಿಯ ಜಾರ್ಜ್ ಸೈಮನ್ ಓಮ್, 1827.

ಸೂತ್ರಗಳು:
• ರೋಧ (ಓಮ್) = ವಿಭವಾಂತರ (ವೋಲ್ಟೇಜ್) ÷ ವಿದ್ಯುತ್ ಪ್ರವಾಹ
• ಸಾಮರ್ಥ್ಯ (ವ್ಯಾಟ್) = ವಿಭವಾಂತರ × ವಿದ್ಯುತ್ ಪ್ರವಾಹ

ಉದಾಹರಣೆ: ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಮನೆಯೊಂದರಲ್ಲಿ ನೀರು ಕಾಯಿಸುವ ಹೀಟರ್ 230 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುತ್ತದೆ ಎನ್ನಿ.
• ರೋಧ: 230 ÷ 10 = 23 ಓಮ್
• ಸಾಮರ್ಥ್ಯ: 230 × 10 = 2300 ವ್ಯಾಟ್
• 1 ಗಂಟೆಗೆ ಬಳಕೆ: 2.3 ಯೂನಿಟ್

ವೋಲ್ಟೇಜ್ 184ಕ್ಕೆ ಇಳಿದರೆ? ರೋಧ ಬದಲಾಗದು ಎಂದುಕೊಂಡರೆ ಪ್ರವಾಹ 8 ಆಂಪಿಯರ್, ಸಾಮರ್ಥ್ಯ 1472 ವ್ಯಾಟ್. ವೋಲ್ಟೇಜ್ ಶೇ 20ರಷ್ಟು ತಗ್ಗಿದರೆ ಸಾಮರ್ಥ್ಯ ಶೇ 36ರಷ್ಟು ಕುಸಿಯುತ್ತದೆ. ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದೇ ಕಾರಣ.

ನೆನಪಿಡಿ:
• 1 ಯೂನಿಟ್ = 1 ಕಿಲೋವ್ಯಾಟ್ ಗಂಟೆ = 36 ಲಕ್ಷ ಜೌಲ್
• 1 ಎಚ್‌ಪಿ = 746 ವ್ಯಾಟ್; 5 ಎಚ್‌ಪಿ ಪಂಪ್‌ಸೆಟ್ = 3730 ವ್ಯಾಟ್